ಹೇಳದೇ ಉಳಿದ ಒಂದು ಮೈನಸ್

"ಗೇಮ್ ಚೆನ್ನಾಗೇ ಇದೆ ಮೇಡಂ. ಕೆಟ್ಟಿರೋದು ನಿಮ್ಮ ಮೆಷಿನ್ನಿನ ಸ್ಟಿಕ್ಕು."

ಕಲ್ಮೇಶ ಹೇಮಶ್ರೀಗೆ ಆಡಿದ ಮೊದಲ ಮಾತು ಇದು.

ಕೌಂಟರಿನ ಮೇಲೆ ಅವಳ ಹ್ಯಾಂಡ್‌ಹೆಲ್ಡ್ ಕನ್ಸೋಲ್ ಬಿದ್ದುಕೊಂಡಿತ್ತು. ಎರಡೂ ಕೈಯಲ್ಲಿ ಹಿಡಿದು ಆಡುವ ಪುಟ್ಟ ಮೆಷಿನ್. ಹೆಬ್ಬೆರಳಿನಿಂದ ಆಡಿಸುವ ಸ್ಟಿಕ್ಕನ್ನು ಯಾರೂ ಮುಟ್ಟದಿದ್ದರೂ ಸ್ಕ್ರೀನಿನೊಳಗಿನ ಸೈನಿಕ ತನ್ನಷ್ಟಕ್ಕೆ ತಾನು ಎಡಗಡೆಗೆ ನಡೆದು ನಡೆದು ಬಂಡೆಗೆ ಡಿಕ್ಕಿ ಹೊಡೆಯುತ್ತಿದ್ದ.

ಹೇಮಶ್ರೀ ಇಂಥ ಮಾತಿಗೆ ಸುಮ್ಮನಿರುವ ಪೈಕಿಯಲ್ಲ. ರಾಜಾಜಿನಗರದ ಶಾಲೆಯೊಂದರಲ್ಲಿ ಗಣಿತದ ಟೀಚರ್. ತಪ್ಪು ಕಂಡರೆ ಕೆಂಪು ಪೆನ್ನು ತಾನಾಗಿ ಕೈಗೆ ಬರುತ್ತದೆ. ಸ್ಟಿಕ್ಕಿನ ಕಥೆ ಆಮೇಲಿರಲಿ ಎಂದು ಆ ಗೇಮಿನ ತಪ್ಪುಗಳನ್ನು ಒಂದೊಂದಾಗಿ ಬೆರಳು ಮಡಿಸುತ್ತಾ ಹೇಳತೊಡಗಿದಳು. ಅವನು ಸ್ಕ್ರೂಡ್ರೈವರ್ ಹಿಡಿದುಕೊಂಡೇ ಎಲ್ಲವನ್ನೂ ಕೇಳಿದ. ಅವಳು ಒಂದು ತಪ್ಪು ಹೇಳಿದರೆ, ಅವನು ಅದೇ ಗೇಮಿನ ಒಂದು ಒಳ್ಳೆಯ ಗುಣ ಹೇಳಿದ. ವಿಜಯನಗರದ ಮಾರುತಿ ಮಂದಿರದ ಹಿಂದಿನ ಆ ಸಣ್ಣ ರಿಪೇರಿ ಅಂಗಡಿಯಲ್ಲಿ, ಮೊಬೈಲ್ ಗ್ಲಾಸ್ ಹಾಕಿಸಲು ಬಂದಿದ್ದ ಇಬ್ಬರು ತಮ್ಮ ಕೆಲಸ ಮರೆತು ಈ ವಾದವನ್ನೇ ನೋಡುತ್ತಾ ನಿಂತರು.

ಕೊನೆಗೆ ಅವನು ಕೇಳಿದ. "ಇಷ್ಟೊಂದು ಬೈತೀರಲ್ಲ ಮೇಡಂ... ಎಷ್ಟು ಗಂಟೆ ಆಡಿದೀರ ಇದನ್ನ?"

ಹೇಮಶ್ರೀ ಮಡಿಸಿದ್ದ ಬೆರಳುಗಳನ್ನು ಬಿಚ್ಚಿದಳು.

"ನೂರಾ ನಲವತ್ತು."

ಅವನು ನಕ್ಕುಬಿಟ್ಟ. ಅವಳಿಗೂ ನಗು ತಡೆಯಲಾಗಲಿಲ್ಲ. ಹೊಸಹಳ್ಳಿಯ ಮನೆಗೆ ನಡೆದು ಹೋಗುವಾಗ ದಾರಿಯುದ್ದಕ್ಕೂ ಆ ನಗು ಅವಳ ಮುಖದ ಮೇಲೇ ಇತ್ತು. 'ಏನಾಯ್ತೇ ನಿನಗೆ?' ಎಂದು ತನ್ನನ್ನೇ ಕೇಳಿಕೊಂಡಳು.

ಹೀಗೆ ಶುರುವಾಯಿತು ಅವರಿಬ್ಬರ ಯೂಟ್ಯೂಬ್ ಚಾನೆಲ್. ಹೆಸರು 'ಪ್ಲಸ್ಸು ಮೈನಸ್ಸು'. ಹೊಸ ಗೇಮ್ ಬಂದರೆ ಅದರ ಒಳ್ಳೆಯದನ್ನು ಅವನು ಹೇಳಬೇಕು, ಕೊರತೆಯನ್ನು ಅವಳು ಹೇಳಬೇಕು. ಕಲ್ಮೇಶನ ಗೆಳೆಯ ಜೀವನ್ ವಿಡಿಯೋ ತೆಗೆದು ಜೋಡಿಸುತ್ತಿದ್ದ. ಪ್ರತಿ ಶನಿವಾರ ಮಧ್ಯಾಹ್ನ ಅಂಗಡಿಯ ಷಟರ್ ಅರ್ಧ ಎಳೆದು ರೆಕಾರ್ಡಿಂಗ್. ಶಾಲೆ ಮುಗಿಸಿ ಹಸಿದು ಬರುವ ಹೇಮಶ್ರೀಗೆಂದು ಕಲ್ಮೇಶನ ತಾಯಿ ಕಲ್ಯಾಣಮ್ಮ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದು ಕೂತಿರುತ್ತಿದ್ದರು.

"ಇಷ್ಟು ತೆಳ್ಳಗ ಅದಿಯಲ್ಲವ್ವಾ, ಇನ್ನೊಂದು ತಿನ್ನು" ಎಂದು ಬೇಡವೆಂದರೂ ಬಡಿಸುತ್ತಿದ್ದರು. ಹಾವೇರಿ ಬಿಟ್ಟು ಇಪ್ಪತ್ತೈದು ವರ್ಷವಾದರೂ ಆ ತಾಯಿಯ ಮಾತು ಬೆಂಗಳೂರಿಗೆ ಬಂದಿರಲಿಲ್ಲ.

ಮೇಡಂ ಹೋಗಿ 'ಮಿಸ್' ಆಯಿತು. ಅವಳ ವಿದ್ಯಾರ್ಥಿಗಳು ಕರೆಯುವಂತೆಯೇ ರಾಗವಾಗಿ ಕರೆಯುತ್ತಿದ್ದ, ತುಂಟ! ನೀವು ಹೋಗಿ ನೀನು ಆಯಿತು.

ಆದರೆ ಹೇಮಶ್ರೀ ಒಂದು ನಿಯಮ ಮಾಡಿಟ್ಟಿದ್ದಳು. ಒಂದು ಗೇಮನ್ನು ರಿವ್ಯೂಗೆಂದು ಕೈಗೆತ್ತಿಕೊಂಡ ಮೇಲೆ, ಶನಿವಾರ ಕ್ಯಾಮೆರಾ ಆನ್ ಆಗುವವರೆಗೆ ಅದರ ಬಗ್ಗೆ ಇಬ್ಬರೂ ತುಟಿ ಬಿಚ್ಚುವಂತಿಲ್ಲ. ಜೊತೆಯಲ್ಲೇ ಕೂತು ಆಡಬಹುದು, ಆದರೆ ಏನು ಕಂಡಿತು, ಏನು ಅನ್ನಿಸಿತು ಎಂದು ಕೇಳಬಾರದು. ಮೊದಲೇ ಮಾತಾಡಿಕೊಂಡರೆ ಜಗಳ ಸಪ್ಪೆಯಾಗುತ್ತದೆ ಎನ್ನುವುದು ಅವಳ ವಾದ. ಆ ವಾರಕ್ಕೆ ಅವರು 'ಬಾಯಿಬೀಗ' ಎಂದು ಹೆಸರಿಟ್ಟುಕೊಂಡಿದ್ದರು.

ನಿಯಮ ಮಾಡಿದವಳು ಅವಳೇ. ಇದನ್ನು ಮುಂದೆ ಅವಳು ಎಷ್ಟು ಸಲ ನೆನೆದು ಕೈ ಹಿಸುಕಿಕೊಂಡಳೋ!

* * *

ಎರಡು ವರ್ಷದ ಹಿಂದಿನ ಫೆಬ್ರುವರಿ. 'ಸ್ಕ್ರ್ಯಾಪ್ ಮೂನ್' ಎಂಬ ಲೂಟರ್ ಶೂಟರ್ ಬಂತು. ಗೊತ್ತಿಲ್ಲದವರಿಗೆ ಹೇಳುವುದಾದರೆ, ಶತ್ರುವನ್ನು ಹೊಡೆ, ಅವನಿಂದ ಬಿದ್ದದ್ದನ್ನು ಬಾಚಿಕೋ, ಇನ್ನೂ ಒಳ್ಳೆಯ ಗನ್ ಸಿಕ್ಕಿತೇ, ಹಳೆಯದನ್ನು ಮಾರು, ಮತ್ತೆ ಹೊಡೆ. ಇಷ್ಟೇ ಆಟ. ಗನ್ನುಗಳು ಮಾತ್ರ ಸಾವಿರಾರು. ಹೆಗಲ ಚೀಲಕ್ಕೆ ಹಿಡಿಸುವುದು ಮೂವತ್ತೇ. ಜೊತೆಗಾರನಿಗೆ ಒಂದು ಗನ್ನನ್ನು ಉಡುಗೊರೆಯಾಗಿ ಕಳಿಸಬಹುದು, ಅದರೊಂದಿಗೆ ನಾಲ್ಕು ಸಾಲಿನ ಕಾಗದವನ್ನೂ ಬರೆಯಬಹುದು.

ಕಲ್ಮೇಶ ತನ್ನ ಕನ್ಸೋಲನ್ನು ಅಂಗಡಿಯ ದೊಡ್ಡ ಟಿವಿಗೆ ಸಿಕ್ಕಿಸಿ ಆಡುತ್ತಿದ್ದ. ಹೇಮಶ್ರೀ ಪಕ್ಕದ ಸ್ಟೂಲಿನ ಮೇಲೆ ಕೂತು ತನ್ನದನ್ನು ಕೈಯಲ್ಲೇ ಹಿಡಿದು ಆಡುತ್ತಿದ್ದಳು. ಬಾಯಿಬೀಗದ ವಾರ. ಇಬ್ಬರದೂ ಒಂದೇ ಚಂದ್ರಲೋಕ, ಮಾತು ಮಾತ್ರ ಇಲ್ಲ.

ಗುರುವಾರ ಸಂಜೆ ಅವಳ ಸ್ಕ್ರೀನಿನ ಮೂಲೆಯಲ್ಲಿ ಒಂದು ಲಕೋಟೆ ಮಿನುಗಿತು. ಕಲ್ಮೇಶನಿಂದ ಉಡುಗೊರೆ.

ತೆರೆದಳು. ಒಂದು ಹಳೆಯ, ತುಕ್ಕು ಹಿಡಿದ ಪಿಸ್ತೂಲು. ಅದರ ಕೆಳಗೆ ಕಾಗದ... ಅಯ್ಯೋ, ಅದು ಅಕ್ಷರವೋ, ಸಾಸಿವೆ ಚೆಲ್ಲಿದ್ದೋ! ಗೇಮಿನಲ್ಲಿ ಕನ್ನಡ ಲಿಪಿ ಇಲ್ಲದ್ದರಿಂದ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಬೇರೆ. ಕಣ್ಣು ಕಿರಿದು ಮಾಡಿದಳು, ಕನ್ಸೋಲನ್ನು ಮೂಗಿನ ಹತ್ತಿರ ತಂದಳು. ಏನೂ ತಿಳಿಯಲಿಲ್ಲ.

'ನನ್ನ ಕಣ್ಣೇ ಸರಿಯಿಲ್ಲ' ಎಂದುಕೊಂಡಳು.

ಏಕೆಂದರೆ ಅವಳಿಗೊಂದು ಗುಟ್ಟಿತ್ತು. ಆರು ತಿಂಗಳಿಂದ ಕಣ್ಣು ಮಂಜಾಗುತ್ತಿತ್ತು. ಡಾಕ್ಟರು ಕನ್ನಡಕ ಬರೆದುಕೊಟ್ಟಿದ್ದರು. ಆದರೆ ಮದುವೆ ಗೊತ್ತಾಗುವವರೆಗೆ ಕನ್ನಡಕ ಹಾಕಬೇಡ, ನೋಡಲು ಬಂದವರು ಏನಾದರೂ ಅಂದಾರು ಎಂದು ಅಮ್ಮ ತಡೆದಿದ್ದಳು. ಅಮ್ಮನ ಮಾತಿಗೆ ಮೂಗು ಮುರಿದರೂ, ಕಲ್ಮೇಶನ ಮುಂದೆ ಸೋಡಾಗ್ಲಾಸ್ ಹಾಕಿಕೊಂಡು ಕೂರಲು ಅವಳಿಗೇ ನಾಚಿಕೆ. ಕನ್ನಡಕ ಬ್ಯಾಗಿನ ತಳದಲ್ಲಿ, ಅದರ ಡಬ್ಬಿಯಲ್ಲಿ, ಮಲಗಿತ್ತು.

ಪಕ್ಕದಲ್ಲಿ ಕೂತವನನ್ನು ಏನು ಬರೆದಿದ್ದೀಯಾ ಎಂದು ಕೇಳಿದ್ದರೆ ಆಗುತ್ತಿತ್ತು. ಆದರೆ ಬಾಯಿಬೀಗ! ಕೇಳಿದರೆ ತನ್ನ ನಿಯಮ ತಾನೇ ಮುರಿದಂತೆ. 'ಏನೋ ತಮಾಷೆ ಬರೆದಿರ್ತಾನೆ, ಶನಿವಾರ ಹೇಗೂ ಹೇಳ್ತಾನೆ.' ಚೀಲ ತುಂಬಿಹೋಗಿತ್ತು. ಪಿಸ್ತೂಲಿನಲ್ಲಿ ಒಂದು ಗುಣವೂ ಇರಲಿಲ್ಲ. ಮಾರುವ ಯಂತ್ರದ ಹತ್ತಿರ ಹೋಗಿ ಬಟನ್ ಒತ್ತಿದಳು.

ಪಕ್ಕದ ಟಿವಿಯಲ್ಲಿ ದೊಡ್ಡ ಅಕ್ಷರದಲ್ಲಿ, ಹೇಮಶ್ರೀ ಉಡುಗೊರೆಯನ್ನು ಮಾರಿದ್ದಾಳೆ ಎಂಬ ಸೂಚನೆ ಬಂತು.

ಕಲ್ಮೇಶ ಕಂಟ್ರೋಲರನ್ನು ಮೆಲ್ಲಗೆ ಕೆಳಗಿಟ್ಟ. ಟೀ ಕುಡಿದು ಬರುತ್ತೇನೆಂದು ಹೊರಗೆ ಹೋದವನು ಬಹಳ ಹೊತ್ತು ಬರಲಿಲ್ಲ. ಅವಳು ಅದನ್ನು ಗಮನಿಸಲೂ ಇಲ್ಲ. ಅವಳಿಗೆ ಆಗ ತಾನೇ ಒಳ್ಳೆಯ ರೈಫಲ್ ಸಿಕ್ಕಿತ್ತು.

ಶನಿವಾರ ಕ್ಯಾಮೆರಾ ಆನ್ ಆಯಿತು. ಕಲ್ಮೇಶ ಎಂದಿನಂತೆ ಪ್ಲಸ್ ಹೇಳಿದ, ಆದರೆ ದನಿಯಲ್ಲಿ ಜೀವವಿರಲಿಲ್ಲ. ಬೇಕೆಂದಾಗ ಬಟನ್ ಒತ್ತಿ ಮಲಗಿಸಿದರೆ ಗೇಮು ಇದ್ದಲ್ಲೇ ಕಾಯುತ್ತದೆ, ಮೆಟ್ರೋದಲ್ಲಿ ನಾಲ್ಕು ಸ್ಟೇಷನ್ ದಾಟುವಷ್ಟರಲ್ಲಿ ಒಂದು ಕಾಳಗ ಮುಗಿಯುತ್ತದೆ, ಇಬ್ಬರು ಕೂಡಿ ಆಡಿದರೆ ಸಿಕ್ಕಿದ್ದೆಲ್ಲ ಇಬ್ಬರದೂ ಆಗುತ್ತದೆ ಎಂದ. ಹೇಮಶ್ರೀ ಹುರುಪಿನಿಂದ ಮೈನಸ್ ಹೇಳಿದಳು. ಎರಡು ಗಂಟೆಗೆ ಬ್ಯಾಟರಿ ಖಾಲಿ. ಕೈ ಸುಡುವಷ್ಟು ಬಿಸಿ. ನಾಲ್ಕು ಬಾಂಬು ಒಟ್ಟಿಗೆ ಸಿಡಿದರೆ ಚಿತ್ರ ತಡವರಿಸುತ್ತದೆ.

ಅಕ್ಷರ ಸಣ್ಣದೆಂದು ಮಾತ್ರ ಹೇಳಲಿಲ್ಲ. ಅದು ಗೇಮಿನ ತಪ್ಪೆಂದು ಅವಳಿಗೆ ಗೊತ್ತೇ ಇರಲಿಲ್ಲ. ಹೇಳಿದರೆ ಕಣ್ಣಿನ ಗುಟ್ಟು ಹೊರಬೀಳುತ್ತದೆಂಬ ಭಯ ಬೇರೆ.

ಆ ಜಾಗದಲ್ಲಿ ಅವಳು ಇನ್ನೊಂದು ಮಾತು ಹೇಳಿದಳು. "ಆಮೇಲೆ ಈ ಗಿಫ್ಟ್ ಕಾಟ! ಕೆಲಸಕ್ಕೆ ಬಾರದ್ದನ್ನೆಲ್ಲ ಕಳಿಸ್ತಾರೆ. ನನಗೂ ಒಬ್ರು ಕಳಿಸಿದ್ರು. ನೋಡಿದ ತಕ್ಷಣ ಮಾರ್ಬಿಟ್ಟೆ. ನೀವೂ ಅಷ್ಟೇ ಮಾಡಿ, ಯೋಚನೆನೇ ಮಾಡ್ಬೇಡಿ."

ಹೇಳಿ ನಕ್ಕಳು. ಕಲ್ಮೇಶ ನಗಲಿಲ್ಲ.

ಆ ದಿನದ ನಂತರ ಅವನು ಫೋನ್ ಎತ್ತಲಿಲ್ಲ. ಮೆಸೇಜಿಗೆ ಒಂದೇ ಉತ್ತರ ಬಂತು. "ನೀನು ಹೇಳಿದ್ದು ಅರ್ಥ ಆಯ್ತು. ಚಾನೆಲ್ ನೀನೇ ನೋಡ್ಕೋ." ತಿಂಗಳಲ್ಲಿ ವಿಜಯನಗರದ ಅಂಗಡಿಗೆ ಬೀಗ ಬಿತ್ತು.

ಏನು ಅರ್ಥ ಆಯ್ತಂತೆ? ಏನು ಹೇಳಿದೆ ನಾನು? ಅತ್ತಳು, ರೇಗಿದಳು. ಕೊನೆಗೆ ಸಿಟ್ಟಿನ ಭರದಲ್ಲಿ 'ಪ್ಲಸ್ಸು ಓಡಿಹೋಯ್ತು' ಎಂದು ಒಂದು ವಿಡಿಯೋ ಹಾಕಿದಳು. ಅವನು ಮಾತಾಡುವಾಗ ತಡವರಿಸಿದ ತುಣುಕುಗಳನ್ನೆಲ್ಲ ಸೇರಿಸಿ, ನಗುವಿನ ಸದ್ದು ಹಾಕಿ ಆಡಿಕೊಂಡಳು. ಜನ ಬಿದ್ದು ಬಿದ್ದು ನಕ್ಕರು. ಅವಳ ಚಾನೆಲ್ಲಿನಲ್ಲಿ ಅಷ್ಟು ಜನ ಬೇರೆ ಯಾವ ವಿಡಿಯೋವನ್ನೂ ನೋಡಿರಲಿಲ್ಲ.

ಕಳೆದ ವರ್ಷ ಕಾರ್ತಿಕದಲ್ಲಿ ಜೀವನ್ ಫೋನ್ ಮಾಡಿ, ಕಲ್ಯಾಣಮ್ಮ ತೀರಿಕೊಂಡರು, ಅವರು ಈಗಿರುವ ಕೆಂಗೇರಿಯ ಮನೆಯಲ್ಲಿ ಇಟ್ಟಿದ್ದಾರೆ ಎಂದ. ಹೇಮಶ್ರೀ ಸೀರೆ ಉಟ್ಟು ಹೊಸಹಳ್ಳಿ ಸ್ಟೇಷನ್ನಿನವರೆಗೂ ಹೋದಳು. ಮೆಟ್ಟಿಲ ಬಳಿ ನಿಂತು, 'ಅವನೇ ಬೇಡ ಅಂದಮೇಲೆ ನಾನ್ಯಾವ ಮುಖ ಇಟ್ಕೊಂಡು ಹೋಗ್ಲಿ?' ಎಂದುಕೊಂಡು ವಾಪಸ್ ಬಂದುಬಿಟ್ಟಳು. ಅವರ ಕೈಯ ರೊಟ್ಟಿ ಉಂಡವಳು ಅವರ ಸಾವಿಗೂ ಹೋಗಲಿಲ್ಲ.

* * *

ಈಗ ಜೂನ್. 'ಸ್ಕ್ರ್ಯಾಪ್ ಮೂನ್'ಗೆ ದೊಡ್ಡ ಅಪ್‌ಡೇಟ್ ಬಂದಿದೆ, ಎರಡು ವರ್ಷದ ನಂತರ ಗೇಮ್ ಹೇಗಿದೆ ಹೇಳಿ ಎಂದು ನೋಡುಗರು ಪಟ್ಟು ಹಿಡಿದಿದ್ದರು. ಆ ಶನಿವಾರದ ಮೇಲೆ ಅವಳು ಆ ಗೇಮನ್ನು ತೆರೆದೇ ಇರಲಿಲ್ಲ. ಪ್ಲಸ್ಸನ್ನೂ ಮೈನಸ್ಸನ್ನೂ ಒಬ್ಬಳೇ ಹೇಳುವುದು ಹೇಮಶ್ರೀಗೆ ಈಗ ಅಭ್ಯಾಸವಾಗಿತ್ತು. ಕನ್ನಡಕವೂ ಮುಖಕ್ಕೆ ಹೊಂದಿಕೊಂಡಿತ್ತು. ಅದನ್ನು ನೋಡಿ ಬೇಡವೆಂದು ಹೋದ ಒಬ್ಬ ವರನೂ ಇದ್ದ. ಅವನು ಹೋದದ್ದಕ್ಕೆ ಅವಳಿಗೆ ಒಳಗೊಳಗೇ ಸಮಾಧಾನವಾಗಿತ್ತು.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಅಪ್‌ಡೇಟಿನ ಪಟ್ಟಿ ಓದಿದಳು. ಮೊದಲನೆಯ ಸಾಲೇ ಇದು. ಹ್ಯಾಂಡ್‌ಹೆಲ್ಡ್‌ನಲ್ಲಿ ಅಕ್ಷರ ತೀರಾ ಸಣ್ಣದೆಂದು ಬಹಳ ದೂರು ಬಂದದ್ದರಿಂದ ಅಕ್ಷರದ ಗಾತ್ರ ಹೆಚ್ಚಿಸುವ ಅನುಕೂಲ ಕೊಡಲಾಗಿದೆ.

ಹೇಮಶ್ರೀಯ ಕೈ ನಿಂತಿತು. ಹಾಗಾದರೆ... ತನ್ನ ಕಣ್ಣೊಂದರದೇ ತಪ್ಪಲ್ಲವೇ? ಎಲ್ಲರಿಗೂ ಓದಲು ಆಗುತ್ತಿರಲಿಲ್ಲವೇ?

ಗಾತ್ರ ಹೆಚ್ಚಿಸಿ, ಪರೀಕ್ಷೆ ಮಾಡಲೆಂದು ಹಳೆಯ ಪತ್ರಗಳ ಪೆಟ್ಟಿಗೆ ತೆರೆದಳು. ಒಂದೇ ಒಂದು ಪತ್ರವಿತ್ತು. ಗನ್ ಮಾರಿಹೋಗಿದ್ದರೂ ಕಾಗದ ಉಳಿದಿತ್ತು.

'ಹೇಮಾ, ಇದು ಈ ಗೇಮಲ್ಲಿ ನನಗೆ ಸಿಕ್ಕ ಮೊದಲನೇ ಗನ್. ಯಾವ ಕೆಲಸಕ್ಕೂ ಬರಲ್ಲ, ಆದರೂ ಮಾರೋಕೆ ಮನಸ್ಸು ಬರಲಿಲ್ಲ. ನೀನು ಇಟ್ಕೊಂಡ್ರೆ ಸೋಮವಾರ ಅಮ್ಮನ್ನ ಕರ್ಕೊಂಡು ನಿಮ್ಮನೆಗೆ ಹೆಣ್ಣು ಕೇಳೋಕೆ ಬರ್ತೀನಿ. ಬೇಡ ಅನ್ಸಿದ್ರೆ ಮಾರ್ಬಿಡು. ನಾನು ಏನೂ ಕೇಳಲ್ಲ.'

ಒಮ್ಮೆ ಓದಿದಳು. ಮತ್ತೊಮ್ಮೆ ಓದಿದಳು.

'ನೋಡಿದ ತಕ್ಷಣ ಮಾರ್ಬಿಟ್ಟೆ. ಯೋಚನೆನೇ ಮಾಡ್ಬೇಡಿ.'

ತಾನೇ ಆಡಿದ ಮಾತು. ಅವನ ಪಕ್ಕದಲ್ಲಿ ಕೂತು, ನಗುತ್ತಾ. ಅದಾದ ಮೇಲೂ ಅವನು ಒಂದು ಕೆಟ್ಟ ಮಾತು ಆಡಲಿಲ್ಲ. ತಾನು ಮಾತ್ರ ಊರಿನವರೆಲ್ಲ ನಗುವ ಹಾಗೆ ಮಾಡಿದೆ!

ಅವಳು ಮೊದಲು ಆ ವಿಡಿಯೋವನ್ನು ಅಳಿಸಿದಳು. ಆಮೇಲೆ ಜೀವನ್‌ಗೆ ಫೋನ್ ಮಾಡಿದಳು. ಕಲ್ಮೇಶನಿಗೆ ಇನ್ನೂ ಮದುವೆಯಾಗಿಲ್ಲ, ಆದರೆ ಶಿಗ್ಗಾವಿಯ ಕಡೆಯ ಒಂದು ಸಂಬಂಧ ಬಂದಿದೆ, ಸಂಜೆ ಅವರಿಗೆ ಉತ್ತರ ಹೇಳಬೇಕಂತೆ ಎಂದ. ಅಂಗಡಿ ಕೆಂಗೇರಿ ಉಪನಗರದಲ್ಲಿ, ಮೆಟ್ರೋ ಇಳಿದು ಐದು ನಿಮಿಷ ಎಂದೂ ಹೇಳಿದ.

ಹೇಮಶ್ರೀ ಕನ್ಸೋಲನ್ನು ಬ್ಯಾಗಿಗೆ ಹಾಕಿಕೊಂಡು ಓಡಿದಳು.

ಈ ಸಲ ಹೊಸಹಳ್ಳಿಯ ಮೆಟ್ಟಿಲ ಬಳಿ ನಿಲ್ಲಲಿಲ್ಲ.

ರೈಲಿನಲ್ಲಿ ಸೀಟು ಸಿಕ್ಕಿತು. ಕಾಗದವನ್ನು ಮತ್ತೆ ತೆರೆದು ಕೂತಳು. ಅತ್ತಿಗುಪ್ಪೆ ಬಂತು, ಹೋಯಿತು. ಇದೇ ದಾರಿಯಲ್ಲಿ ಅಂದು ಬಂದಿದ್ದರೆ ಕಲ್ಯಾಣಮ್ಮನ ಕಾಲು ಮುಟ್ಟಬಹುದಿತ್ತು ಎಂದು ನೆನೆದು ಕಣ್ಣು ತುಂಬಿತು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದಳು. ಅವನಿಗೆ ಏನು ಹೇಳುವುದು? ಏನೂ ಹೇಳಬೇಕಿಲ್ಲ, ಇದನ್ನು ತೋರಿಸಿದರೆ ಸಾಕು ಎಂದುಕೊಂಡಳು. ತೋರಿಸಿ, ಓದಲು ಆಗಿರಲಿಲ್ಲ ಎಂದರೆ ಎಲ್ಲ ತಿಳಿಯುತ್ತದೆ.

ಸಣ್ಣ ಅಂಗಡಿ. ಅದೇ ಹಳೆಯ ಟಿವಿ, ಅದೇ ಸ್ಟೂಲು. ಗೋಡೆಯ ಮೇಲೆ ಹಾರ ಹಾಕಿದ ಕಲ್ಯಾಣಮ್ಮನ ಫೋಟೋ. ಹಣೆಯ ವಿಭೂತಿ, ಅದೇ ನಗು.

ಕಲ್ಮೇಶ ತಲೆ ಎತ್ತಿದ. ಮುಖದಲ್ಲಿ ಏನೋ ಬಂದು, ಹೋಯಿತು.

"ಹೇಳಿ ಮೇಡಂ. ಏನಾಗಿದೆ?"

ಆ 'ಮೇಡಂ' ಎಂಬ ಒಂದು ಮಾತು ಅವಳಿಗೆ ಹೊಡೆತದಂತೆ ನಾಟಿತು. ಕನ್ಸೋಲನ್ನು ತೆಗೆದು ಅವನ ಮುಂದಿಟ್ಟು ಬಟನ್ ಒತ್ತಿದಳು.

ಸ್ಕ್ರೀನು ಕಪ್ಪಗಿತ್ತು.

ಮತ್ತೆ ಒತ್ತಿದಳು. ಖಾಲಿ ಬ್ಯಾಟರಿಯ ಕೆಂಪು ಗುರುತು ಒಮ್ಮೆ ಮಿಣುಕಿ ಆರಿತು. ಬೆಳಿಗ್ಗೆಯಿಂದ ಅದೇ ಕಾಗದವನ್ನು ತೆರೆದಿಟ್ಟುಕೊಂಡು ಕೂತದ್ದಕ್ಕೆ, ತಾನೇ ಬೈದಿದ್ದ ಆ ಮೈನಸ್ ಸರಿಯಾದ ಹೊತ್ತಿಗೆ ಕೈಕೊಟ್ಟಿತ್ತು.

"ಬ್ಯಾಟರಿ ಹೋಗಿದೆ ಅಷ್ಟೇ. ಚಾರ್ಜಿಗೆ ಹಾಕಿದ್ರೆ ಸರಿ ಹೋಗುತ್ತೆ" ಎಂದು ಅವನು ಮೆಷಿನ್ನನ್ನು ತಿರುಗಿಸಿ ಅವಳ ಕಡೆಗೇ ಸರಿಸಿದ.

ಹಾಗೇ ಬಿಟ್ಟರೆ ಇನ್ನೊಂದು ಸಲ ಎಲ್ಲವೂ ಕೈತಪ್ಪುತ್ತದೆಂದು ಹೇಮಶ್ರೀಗೆ ತಿಳಿಯಿತು. ಕೌಂಟರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಇದು ಈ ಗೇಮಲ್ಲಿ ನನಗೆ ಸಿಕ್ಕ ಮೊದಲನೇ ಗನ್" ಎಂದಳು. "ಯಾವ ಕೆಲಸಕ್ಕೂ ಬರಲ್ಲ... ಆದರೂ ಮಾರೋಕೆ ಮನಸ್ಸು ಬರಲಿಲ್ಲ..."

ಕಲ್ಮೇಶನ ಕೈ ಅಲ್ಲೇ ನಿಂತಿತು. ಅವಳು ಕಾಗದದ ಕೊನೆಯವರೆಗೂ, ಒಂದು ಅಕ್ಷರ ತಪ್ಪದೆ ಹೇಳಿದಳು.

"ಇದನ್ನ ನಾನು ಇವತ್ತು ಬೆಳಿಗ್ಗೆ ಓದಿದೆ ಕಣೋ. ಇವತ್ತು! ಅವತ್ತು ನನಗೆ ಅಕ್ಷರನೇ ಕಾಣಿಸಿರಲಿಲ್ಲ. ಕಣ್ಣು ಮಂಜಾಗಿತ್ತು, ನಿನ್ನ ಮುಂದೆ ಕನ್ನಡಕ ಹಾಕ್ಕೊಳ್ಳೋಕೆ ನಾಚಿಕೆ ಆಗಿತ್ತು. ಕೇಳೋಣ ಅಂದ್ರೆ ಬಾಯಿಬೀಗ ಅಂತ ನಾನೇ ಮಾಡಿಟ್ಟಿದ್ದೆ. ನೀನು ಏನ್ ಕೇಳಿದೀಯ ಅಂತ ಗೊತ್ತಿಲ್ದೇನೇ ನಾನು ಮಾರ್ದೆ."

ಕಲ್ಮೇಶ ಹಿಂದಕ್ಕೆ ತಿರುಗಿ ಟಿವಿಯನ್ನು ನೋಡಿದ. ತಾನು ಬರೆದಾಗ ಆ ಅಕ್ಷರಗಳು ಅಲ್ಲಿ ಬೆರಳುದ್ದ ಕಂಡಿದ್ದವು. ಅವಳ ಅಂಗೈಯಲ್ಲಿ ಅವು ಎಷ್ಟಾಗುತ್ತವೆಂದು, ದಿನವೂ ಕನ್ಸೋಲ್ ಬಿಚ್ಚಿ ಜೋಡಿಸುವ ತನಗೂ ಹೊಳೆಯಲಿಲ್ಲವಲ್ಲ!

"ನಂದೂ ತಪ್ಪಿದೆ" ಎಂದ. "ಬಾಯಿ ಬಿಟ್ಟು ಕೇಳೋಕೆ ಧೈರ್ಯ ಇಲ್ದೆ ಗೇಮಲ್ಲಿ ಬರೆದೆ. ಬೇಡ ಅಂದ್ರೆ ಮಾರ್ಬಿಡು ಅಂತ ದಾರಿನೂ ನಾನೇ ಮಾಡ್ಕೊಟ್ಟೆ."

ಅವಳು ಆ ವಿಡಿಯೋದ ವಿಷಯ ಎತ್ತಿದಳು. ಬೆಳಿಗ್ಗೆ ಅಳಿಸಿದ್ದೇನೆ, ಆದರೆ ನಕ್ಕವರ ನಗುವನ್ನು ಅಳಿಸಲಾಗುವುದಿಲ್ಲ, ಹೊಟ್ಟೆಗೆ ಹಾಕಿಕೊಳ್ಳಲು ಆದರೆ ಹಾಕಿಕೋ ಎಂದಳು. ಅವನು ಸುಮ್ಮನೆ ತಲೆಯಾಡಿಸಿದ. ನೋವಾಗಿರಲಿಲ್ಲ ಎಂದು ಸುಳ್ಳು ಹೇಳಲಿಲ್ಲ.

ಅವಳು ಫೋಟೋದ ಮುಂದೆ ಹೋಗಿ ನಿಂತಳು.

"ಅಮ್ಮಂಗೆ... ಏನ್ ಹೇಳಿದ್ದೆ?"

"ನೀನು ಬೇಡ ಅಂದೆ ಅಂತ ಹೇಳೋಕೆ ಬಾಯಿ ಬರಲಿಲ್ಲ. ಶಾಲೇಲಿ ಪರೀಕ್ಷೆ ಕೆಲಸ ಜಾಸ್ತಿ, ಮುಗಿಸ್ಕೊಂಡು ಬರ್ತಾಳೆ ಅಂದೆ. ಪಾಪ, ಅದನ್ನೇ ನಂಬಿದ್ರು. ಆಸ್ಪತ್ರೆಲೂ ಕೇಳೋರು, ಆ ಹುಡುಗಿ ಪರೀಕ್ಷಾ ಮುಗಿದ್ವೇನೋ ಅಂತ."

ಹೇಮಶ್ರೀ ಅಲ್ಲೇ ಸ್ಟೂಲಿನ ಮೇಲೆ ಕುಸಿದಳು. ಇಷ್ಟು ಹೊತ್ತು ತಡೆದದ್ದೆಲ್ಲ ಒಡೆದು ಬಂತು. ಕಲ್ಮೇಶನ ಕ್ಷಮೆ ಸಿಗಬಹುದು. ಕಾದು ಕಾದು ಹೋದ ಆ ಜೀವಕ್ಕೆ ಯಾವ ಉತ್ತರ ಹೇಳುವುದು? ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅವನು ಪಕ್ಕದಲ್ಲಿ ನೆಲದ ಮೇಲೆ ಕೂತು ತಾನೂ ಅತ್ತ. ತಾಯಿ ಹೋದ ದಿನ ಜೊತೆಯಲ್ಲಿ ಅಳಬೇಕಾಗಿದ್ದವಳು ಏಳು ತಿಂಗಳು ತಡವಾಗಿ ಬಂದಿದ್ದಳು.

ಕೌಂಟರಿನ ಮೇಲೆ ಅವನ ಫೋನು ಹೊಡೆದುಕೊಂಡಿತು. ಸ್ಕ್ರೀನಿನ ಮೇಲೆ 'ಶಿಗ್ಗಾವಿ ಮಾವ' ಎಂದಿತ್ತು.

ಬೇಡವೆನ್ನು ಎಂದು ಕೇಳುವ ಹಕ್ಕು ತನಗಿಲ್ಲ ಎನ್ನಿಸಿ ಹೇಮಶ್ರೀ ತಲೆ ತಗ್ಗಿಸಿದಳು.

ಕಲ್ಮೇಶ ಫೋನ್ ಎತ್ತಿಕೊಂಡ. ನಮಸ್ಕಾರ ಹೇಳಿ, ಹುಡುಗಿಯ ಮನೆಯವರನ್ನು ಕಾಯಿಸಿದ್ದಕ್ಕೆ ಕ್ಷಮೆ ಕೇಳಿ, ತನ್ನ ಮನಸ್ಸು ಬೇರೆ ಕಡೆ ಇದೆ, ಅಲ್ಲಿಂದ ಉತ್ತರ ಬರುವುದು ತಡವಾಯಿತು ಎಂದ. ಅಷ್ಟೇ ಹೇಳಿ ಇಟ್ಟ.

ಆಮೇಲೆ ಅವಳ ಕನ್ಸೋಲಿಗೆ ಚಾರ್ಜರ್ ಚುಚ್ಚಿ, ಅವಳ ಮುಂದೆ ಬಂದು ಕೂತ. ಅತ್ತು ಮಸುಕಾದ ಕನ್ನಡಕವನ್ನು ಅವಳ ಮುಖದಿಂದ ಮೆಲ್ಲಗೆ ತೆಗೆದು, ಸ್ಕ್ರೀನ್ ಒರೆಸುವ ಬಟ್ಟೆಯಿಂದ ಒರೆಸಿ, ಮತ್ತೆ ಅವಳಿಗೆ ಹಾಕಿದ.

"ಈಗ ಕಾಣಿಸ್ತಾ ಇದ್ಯಾ ಮಿಸ್?"

ಎರಡು ವರ್ಷದ ಮೇಲೆ ಆ ಕರೆ ಕೇಳಿ ಅವಳು ತಲೆ ಎತ್ತಿದಳು. "ಕಾಣಿಸ್ತಾ ಇದೆ."

"ಹಾಗಾದ್ರೆ ಈ ಸಲ ಕಾಗದ ಬೇಡ. ಬಾಯಲ್ಲೇ ಕೇಳ್ತೀನಿ. ಸೋಮವಾರ ನಿಮ್ಮನೆಗೆ ಬರಲಾ? ಅಮ್ಮ ಇಲ್ಲ... ಒಬ್ನೇ ಬರ್ಬೇಕು."

ಹೇಮಶ್ರೀ ಫೋಟೋದ ಕಡೆ ನೋಡಿದಳು. ಮತ್ತೆ ಅವನ ಕಡೆ ತಿರುಗಿದಳು.

"ಒಬ್ನೇ ಬರ್ಬೇಡ. ಬೆಳಿಗ್ಗೆ ನಾನೇ ಇಲ್ಲಿಗೆ ಬರ್ತೀನಿ, ಅಮ್ಮನ ಫೋಟೋಗೆ ಕೈ ಮುಗಿದು ಇಬ್ರೂ ಜೊತೇಲಿ ಹೋಗೋಣ" ಎಂದಳು. "ಪರೀಕ್ಷೆ ಮುಗೀತು ಅಂತ ಅವರಿಗೆ ನಾನೇ ಹೇಳ್ಬೇಕು ಕಣೋ."